ಮಂಡಕ್ಕಿಗೆ ಅಲ್ಲಾಡದ ಮುಳ್ಳು

"ಇದರ ಸ್ಪ್ರಿಂಗ್ ಹೋಗೈತಿ ಬಿಡು. ನೀನು ಇಳಿದೀಯ, ಇದು ತೋರಸ್ತಿಲ್ಲ," ಎಂದರು ಮುರಿಗೆಪ್ಪ.

"ಬಾಯಿಲ್ಲದ್ದನ್ನ ಸುಮ್ನೆ ಯಾಕ್ ಬೈತೀರಿ? ಒಂದ್ಸಲ ಪರೀಕ್ಷೆ ಮಾಡಿ ನೋಡ್ರಿ," ಎಂದು ಅವರ ಹೆಂಡತಿ ಹಾಲಮ್ಮ ನನ್ನ ಮೇಲಿಂದ ಇಳಿದಳು.

ಮುರಿಗೆಪ್ಪ ಒಳಗೆ ಹೋಗಿ, ಇನ್ನೂ ಹೊಲಿಗೆ ಬಿಚ್ಚದ ಇಪ್ಪತ್ತೈದು ಕಿಲೋ ಅಕ್ಕಿ ಚೀಲವನ್ನು ಹೆಗಲ ಮೇಲೆ ತಂದು ನನ್ನ ಎದೆಯ ಮೇಲೆ ಇಳಿಸಿದರು. ನನ್ನ ಮುಳ್ಳು ಸ್ವಲ್ಪ ತೂಗಾಡಿ, ಸರಿಯಾಗಿ ಇಪ್ಪತ್ತೈದರ ಗೆರೆಯ ಮೇಲೆ ನಿಂತಿತು. ಗಂಡ ಹೆಂಡತಿ ಇಬ್ಬರೂ ಬಗ್ಗಿ ನೋಡಿದರು. ನನಗೆ ಗೆದ್ದ ಹಾಗೂ ಅನಿಸಿತು, ಏನೋ ತಪ್ಪು ಮಾಡಿದ ಹಾಗೂ ಅನಿಸಿತು.

ನಾನು ಒಂದು ತೂಕದ ಯಂತ್ರ, ಮನುಷ್ಯರು ಹತ್ತಿ ನಿಲ್ಲುವಂಥದ್ದು. ಗುಜರಾತಿನ ಯಾವುದೋ ಊರಿನ ತಗಡಿನ ಶೆಡ್ಡಿನಲ್ಲಿ ಹುಟ್ಟಿದೆ. ನನ್ನ ಹೊಟ್ಟೆಯೊಳಗೆ ಸ್ಪ್ರಿಂಗು ಕೂರಿಸಿದ ಹೆಂಗಸು ತಾನೇ ಒಮ್ಮೆ ಹತ್ತಿ ನೋಡಿ, ನಕ್ಕು ಇಳಿದಳು. ನಾನು ಕಂಡ ಮೊದಲ ಪಾದಗಳು ಅವು. ಎಲ್ಲರನ್ನೂ ನಾನು ಬಲ್ಲದ್ದು ಪಾದದಿಂದಲೇ. ಮೇಲೆ ನಿಂತವರ ಮುಖ ಕಾಣುವುದು ಅವರು ಬಗ್ಗಿ ನನ್ನ ಗಾಜಿನೊಳಗೆ ಇಣುಕಿದಾಗ ಮಾತ್ರ. ಆಗ ಎಲ್ಲರ ಮುಖದಲ್ಲೂ ಒಂದೇ ಪ್ರಶ್ನೆ.

ದಾವಣಗೆರೆಗೆ ಲಾರಿಯಲ್ಲಿ ಬಂದೆ. ಮೊದಲು ಸೇರಿದ್ದು ಹಳೇ ಪೇಟೆಯ ಒಂದು ಗರಡಿ ಮನೆ. ಕೆಮ್ಮಣ್ಣು ಮೆತ್ತಿದ ದಪ್ಪ ಪಾದಗಳು ಬೆಳಗಾದರೆ ನನ್ನ ಮೇಲೆ. ಅಲ್ಲಿ ಒಂದು ಸಂಗತಿ ನನಗೆ ಬಗೆಹರಿಯಲಿಲ್ಲ. ಮುಳ್ಳು ಏರಲಿ ಎಂದು ವರ್ಷವಿಡೀ ಬಾದಾಮಿ ಅರೆದ ಹಾಲು ಕುಡಿಯುವ ಪೈಲ್ವಾನರು ಕುಸ್ತಿಗೆ ಒಂದು ವಾರ ಇದೆ ಎನ್ನುವಾಗ ಮುಳ್ಳು ಇಳಿಯಲಿ ಎಂದು ಕಂಬಳಿ ಹೊದ್ದು ಬಿಸಿಲಿನಲ್ಲಿ ಓಡುತ್ತಿದ್ದರು. ಅದೇ ಅಂಕಿ ಒಂದು ದಿನ ಮೀಸೆ ತಿರುವಿಸುತ್ತಿತ್ತು, ಇನ್ನೊಂದು ದಿನ ತಲೆ ತಗ್ಗಿಸುತ್ತಿತ್ತು. ಅಂಕಿಯೊಳಗೆ ಅಂಥದ್ದೇನಿದೆ ಎನ್ನುವ ಕುತೂಹಲ ನನಗೆ ಅಂಟಿಕೊಂಡದ್ದು ಅಲ್ಲಿಂದಲೇ.

ಗರಡಿಗೆ ಹೊಸ ಯಂತ್ರ ಬಂತು, ಮುಳ್ಳಿಲ್ಲದ್ದು, ಕೆಂಪು ದೀಪದಲ್ಲಿ ಅಂಕಿ ಬರೆಯುವಂಥದ್ದು. ಉಸ್ತಾದರು ನನ್ನನ್ನು ತಮ್ಮ ಹಳೆಯ ಶಿಷ್ಯ ಮುರಿಗೆಪ್ಪನಿಗೆ ಕೊಟ್ಟರು. ಒಂದು ಕಾಲದ ಪೈಲ್ವಾನ, ಈಗ ಸೈಕಲ್ ರಿಪೇರಿ ಅಂಗಡಿ. ಅವರು ನನ್ನನ್ನು ಬೇಕೆಂದು ಕೇಳಿ ತಂದದ್ದು ಹೆಂಡತಿಗಾಗಿ.

ಹಾಲಮ್ಮನಿಗೆ ಆಗ ಐವತ್ತೆರಡು. ಖಾನಾವಳಿಗಳಿಗೆ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿದು ಕೊಡುವ ಕೈ ಅವಳದು. ಮೊದಲ ದಿನ ನನ್ನ ಮೇಲೆ ನಿಂತಾಗ ಎಂಬತ್ತಾರು ತೋರಿಸಿದೆ. ಅವಳು ಬಗ್ಗಿ ನೋಡಿ, "ಹತ್ತು ಇಳೀಬೇಕು ತಮ್ಮಾ," ಎಂದಳು. ನನಗೇ ಹೇಳಿದಳೆಂದು ತಿಳಿದೆ. ಅಲ್ಲ, ಬಾಗಿಲಲ್ಲಿ ಅವಳ ತಮ್ಮ ಕೊಟ್ರೇಶ ನಿಂತಿದ್ದ.

ಕೊಟ್ರೇಶ ಗೂಡ್ಸ್ ಆಟೋ ಓಡಿಸುತ್ತಿದ್ದವನು. ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆ ಮೂರು ದಿನ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ. ಅಕ್ಕನ ಕಿಡ್ನಿ ಅವನಿಗೆ ಹೊಂದುತ್ತದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಆದರೆ ಡಾಕ್ಟರಮ್ಮ ಹಾಲಮ್ಮನಿಗೆ ನೇರವಾಗಿ ಹೇಳಿದ್ದರು: ಈ ತೂಕದಲ್ಲಿ ನಿಮ್ಮ ಮೇಲೆ ಕತ್ತರಿ ಇಡುವುದಿಲ್ಲ, ಎಪ್ಪತ್ತಾರಕ್ಕೆ ಇಳಿದು ಬನ್ನಿ. ಅನ್ನ, ರೊಟ್ಟಿ, ಮುದ್ದೆ, ಸಕ್ಕರೆ ಬಿಡಿ. ಕಾಳು, ಸೊಪ್ಪು, ಮೊಸರು, ಪನೀರು ತಿನ್ನಿ. ಮುಟ್ಟು ನಿಲ್ಲುವ ವಯಸ್ಸು, ಬೇಗ ಇಳಿಯುವುದಿಲ್ಲ, ಆದರೆ ಇಳಿಯುತ್ತದೆ. ಆ ಚೀಟಿ ನನ್ನ ತಲೆಯ ಮೇಲಿನ ಗೋಡೆಗೆ ಅಂಟಿತು.

ಅವಳು ಬಿಟ್ಟಳು. ಎದುರಿಗೆ ಹಂಚಿನ ಮೇಲೆ ಇನ್ನೂರು ರೊಟ್ಟಿ ಉಬ್ಬಿ ಏಳುವಾಗ ಒಂದು ಚೂರೂ ಬಾಯಿಗೆ ಹಾಕದೆ ಎದ್ದು ಬರುತ್ತಿದ್ದಳು. ಹಿಟ್ಟಿನ ಬಿಳಿ ಮೆತ್ತಿದ ಹೆಬ್ಬೆರಳುಗಳು ನನ್ನ ಮೇಲೆ ನಿಲ್ಲುವಾಗ, ಹಸಿದ ಹೊಟ್ಟೆಯ ಗುಡುಗುಡು ನನ್ನವರೆಗೂ ಕೇಳುತ್ತಿತ್ತು. ಮೊದಲ ತಿಂಗಳು ನಾಲ್ಕು ಕಿಲೋ ಇಳಿಯಿತು. ಮನೆಯಲ್ಲಿ ಹಬ್ಬ. ಆಮೇಲೆ ಎಂಬತ್ತೆರಡಕ್ಕೆ ಬಂದ ಮುಳ್ಳು ಅಲ್ಲೇ ಕೂತುಬಿಟ್ಟಿತು. ಒಂದು ವಾರವಲ್ಲ, ಎರಡು ವಾರವಲ್ಲ, ಆರು ವಾರ.

"ಕಂಬಳಿ ಹೊದ್ಕಂಡು ಓಡು. ನಾವೆಲ್ಲ ಹಂಗೇ ಇಳಸ್ತಿದ್ವಿ," ಎಂದರು ಮುರಿಗೆಪ್ಪ.

"ಈ ವಯಸ್ಸಿನಾಗ ಕಂಬಳಿ ಹೊದ್ಕಂಡು ಓಡಿದ್ರ ಜನ ಕರಡಿ ಬಂತು ಅಂತಾರ."

ನನಗೂ ತಲೆಬಿಸಿ. ಊಟ ಬಿಟ್ಟವಳ ತೂಕ ಎಲ್ಲಿಂದ ಬರುತ್ತಿದೆ? ಅವಳ ಬಾಯಿಗೆ ಹೋಗುವುದನ್ನೆಲ್ಲ ಕೆಳಗಿನಿಂದ ಲಕ್ಷ್ಯವಿಟ್ಟು ನೋಡತೊಡಗಿದೆ. ಬೆಳಿಗ್ಗೆ ಹೆಸರುಕಾಳು. ಮಧ್ಯಾಹ್ನ ಸೊಪ್ಪಿನ ಪಲ್ಯ, ಮೊಸರು. ಸಂಜೆ ಕೊಟ್ರೇಶ ಬಂದರೆ ಅವನ ಕೈಯಲ್ಲಿ ಪೇಪರಿನ ದೊಡ್ಡ ಪೊಟ್ಟಣ: ಎಣ್ಣೆ, ಖಾರ, ಈರುಳ್ಳಿ ಕಲಸಿದ ಮಂಡಕ್ಕಿ. ಅವನು ದಿನ ಬಿಟ್ಟು ದಿನ ಬರುತ್ತಿದ್ದ. ಬಾರದ ದಿನಕ್ಕೆಂದು ಒಣ ಮಂಡಕ್ಕಿಯನ್ನೂ ಡಬ್ಬಿಗೆ ತುಂಬಿಸಿ ಹೋಗುತ್ತಿದ್ದ.

ಹಾಲಮ್ಮ ಅದನ್ನು ಯಾವ ಅಳುಕೂ ಇಲ್ಲದೆ ತಿನ್ನುತ್ತಿದ್ದಳು. ಹುಡುಗಿಯಾಗಿದ್ದಾಗಿನಿಂದ ಸೋಮವಾರ ಒಪ್ಪತ್ತು ಮಾಡಿದವಳು. ಒಪ್ಪತ್ತಿನ ದಿನ ರಾತ್ರಿ ಅನ್ನ ಮುಟ್ಟುವಂತಿಲ್ಲ, ಮಂಡಕ್ಕಿ ತಿಂದರೆ ವ್ರತ ಕೆಡುವುದಿಲ್ಲ. ಅದು ಫಳಾರ. ಫಳಾರ ಊಟದ ಲೆಕ್ಕಕ್ಕೆ ಬಾರದು ಎಂದು ಅವಳ ಅವ್ವ ಹೇಳಿದ್ದು, ಅವ್ವನಿಗೆ ಅವರವ್ವ ಹೇಳಿದ್ದು. ಶಿವನೇ ಲೆಕ್ಕಕ್ಕೆ ಹಿಡಿಯದ್ದನ್ನು ಡಾಕ್ಟರಮ್ಮ ಹಿಡಿದಾರೆಯೇ?

ಒಮ್ಮೆ ಮುರಿಗೆಪ್ಪ ಅನುಮಾನಪಟ್ಟರು. ಅವಳು ಎರಡು ಸೇರಿನ ಮಂಡಕ್ಕಿ ಚೀಲವನ್ನು ತಂದು ನನ್ನ ಮೇಲಿಟ್ಟಳು. ನನ್ನ ಮುಳ್ಳು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

"ನೋಡ್ರಿ, ಬರೇ ಗಾಳಿ," ಎಂದಳು.

ನಾನೇನು ಮಾಡಲಿ? ಸೊನ್ನೆಯಲ್ಲಿ ಕೂತಿರುವಾಗ ಅರ್ಧ ಕಿಲೋ ದಾಟದ್ದು ನನಗೆ ಗೊತ್ತೇ ಆಗುವುದಿಲ್ಲ. ಈ ಊರಿನಲ್ಲಿ ಮಂಡಕ್ಕಿಯನ್ನು ಸೇರಿನಲ್ಲಿ ಅಳೆದು ಮಾರುತ್ತಾರೆ, ತೂಗುವುದಿಲ್ಲ. ನನ್ನ ಸಾಕ್ಷಿಯನ್ನು ನಂಬಿ ಅವಳು ಇನ್ನೊಂದು ಹಿಡಿ ಬಾಯಿಗೆ ಹಾಕಿಕೊಂಡಳು.

ಅಕ್ಕಿ ಚೀಲದ ಪರೀಕ್ಷೆ ನಡೆದ ಸಂಜೆಯೂ ಕೊಟ್ರೇಶ ಪೊಟ್ಟಣ ಹಿಡಿದೇ ಬಂದ. ಮುರಿಗೆಪ್ಪ ಚೀಲವನ್ನು ನನ್ನ ಮೇಲಿಂದ ಇಳಿಸಿ ಅದರ ಮೇಲೆಯೇ ಕೂತಿದ್ದರು.

"ಕೊಟ್ರೇಶಿ, ನಿನಗ ಅಲ್ಲಿ ಡಯಾಲಿಸಿಸ್ ಕೇಂದ್ರದಾಗ ಊಟದ ಬಗ್ಗೆ ಹೇಳಿಕೊಡೋ ಮೇಡಮ್ ಅದಾರಲ್ಲ, ಅವರನ್ನ ಒಂದ್ ಮಾತು ಕೇಳು. ಈ ಮಂಡಕ್ಕಿಯಿಂದ ತೂಕ ಬರ್ತದಾ ಅಂತ."

ಕೊಟ್ರೇಶನ ಪಾದಗಳು ಒಂದರ ಮೇಲೊಂದು ಹತ್ತಿದವು.

"ಕೇಳೀನಿ ಭಾವ," ಎಂದ.

"ಏನಂದ್ರು?"

"ಅನ್ನಕ್ಕೂ ಇದಕ್ಕೂ ಏನೂ ಫರಕಿಲ್ಲ ಅಂದ್ರು. ಅದೂ ಅಕ್ಕಿನೇ ಅಲ್ಲೇನು?"

ಹಾಲಮ್ಮ ಪೊಟ್ಟಣವನ್ನು ಮೆಲ್ಲಗೆ ಕೆಳಗಿಟ್ಟಳು. "ಯಾವಾಗ ಅಂದ್ರು?"

"ಒಂದೂವರೆ ತಿಂಗಳಾತು."

"ಅಂದ್ರ ಗೊತ್ತಿದ್ದೇ ತಂದು ತಿನ್ನಿಸೀಯ."

"ಹೂಂ. ನಿನ್ ಹೊಟ್ಟಿ ಕೊಯ್ಸಾಕ ನನಗ ಮನಸ್ಸಿಲ್ಲಕ್ಕ. ಬ್ಯಾಡ ಅಂದ್ರ ನೀ ಕೇಳಲ್ಲ. ತೂಕ ಇಳೀಲಿಲ್ಲ ಅಂದ್ರ ಡಾಕ್ಟ್ರೇ ಬ್ಯಾಡ ಅಂತಾರ ಅಂತ ಹಿಂಗ ಮಾಡಿದೆ. ನಿನಗೇನಾರ ಆದ್ರ ನಾನು ಭಾವನ ಮುಖ ಹೆಂಗ್ ನೋಡ್ಲಿ?"

"ನನ್ ಮುಖದಾಗ ನೋಡಾಕ ಏನೈತಲೇ," ಎಂದರು ಮುರಿಗೆಪ್ಪ.

ಹಾಲಮ್ಮ ಅಳಲಿಲ್ಲ. "ಆರು ವಾರ ನಾನು ರೊಟ್ಟಿ ವಾಸನಿ ಕುಡ್ಕಂಡು ಬದುಕೀನಿ. ನೀನು ಪೇಪರ್ನಾಗ ಅನ್ನ ಕಟ್ಕಂಡು ಬಂದೀಯ. ಹತ್ತು ಇದರ ಮ್ಯಾಲೆ."

ಅವನು ಹತ್ತಿದ. ಪಾದಗಳು ತಣ್ಣಗಿದ್ದವು.

"ಎಷ್ಟೈತಿ? ಓದು."

"ಐವತ್ತೊಂದು."

"ಆಟೋ ಓಡಿಸುವಾಗ ಎಷ್ಟಿದ್ದಿ?"

"ಅರವತ್ತೆಂಟು."

"ನಾನು ಇಳೀಬೇಕು, ನೀನು ಏರಬೇಕು. ಇಷ್ಟೇ ಕೆಲಸ. ಇದರಾಗ ನಿನ್ನ ಮನಸ್ಸು ಕೇಳಿದೋರು ಯಾರು?"

ಅವನು ಇಳಿದ ಮೇಲೆ ನನ್ನ ಮುಳ್ಳು ಸೊನ್ನೆಗೆ ಬಂದು ಕೂತಿತು. ಮುರಿಗೆಪ್ಪ ಪೊಟ್ಟಣ ಎತ್ತಿಕೊಂಡು, "ಇದನ್ನ ಚೆಲ್ಲಾಕ ಆಗಲ್ಲ," ಎಂದು ಹೊರಗಿನ ಕಟ್ಟೆಗೆ ಹೋದರು.

ಅಲ್ಲಿಂದ ಮುಂದೆ ಕೊಟ್ರೇಶನ ಕೈಯಲ್ಲಿ ಬಂದದ್ದು ಸೌತೆಕಾಯಿ. ಮುಳ್ಳು ಗೆರೆಗೆರೆಯಾಗಿ ಇಳಿಯಿತು. ಎರಡು ವಾರ ಇಳಿದರೆ ಒಂದು ವಾರ ಮುನಿಸಿಕೊಂಡು ನಿಲ್ಲುತ್ತಿತ್ತು. ಅವಳು ಬೈಯುತ್ತಿದ್ದಳು, ನಾನು ಕೇಳಿಸಿಕೊಳ್ಳುತ್ತಿದ್ದೆ. ಐದನೆಯ ತಿಂಗಳು ಒಂದು ಬೆಳಿಗ್ಗೆ ಮುಳ್ಳು ಎಪ್ಪತ್ತಾರಕ್ಕೆ ಕೂದಲೆಳೆಯಷ್ಟು ಮಾತ್ರ ಮೇಲಿತ್ತು. ಅವಳು ಕೈಬಳೆ ತೆಗೆದಿಟ್ಟು ಮತ್ತೆ ಹತ್ತಿದಳು. ಎಪ್ಪತ್ತಾರು. ಇಳಿದಳು, ಹತ್ತಿದಳು. ಎಪ್ಪತ್ತಾರು. "ರೀ, ಬರ್ರಿ ಇಲ್ಲಿ," ಎಂದು ಕೂಗಿದ ಅವಳ ಕಾಲು ನಡುಗುತ್ತಿತ್ತು. ಮನುಷ್ಯರ ನಡುಕವೂ ನನಗೆ ತೂಕವಾಗಿಯೇ ತಿಳಿಯುತ್ತದೆ.

ಆಮೇಲೆ ಆಪರೇಷನ್ನಿಗೆಂದು ಮೂವರೂ ಹೋದರು, ಎರಡು ತಿಂಗಳು ಮನೆಗೆ ಬೀಗ. ಕತ್ತಲೆಯಲ್ಲಿ ನಾನು ಸೊನ್ನೆ ತೋರಿಸುತ್ತ ಕೂತಿದ್ದೆ.

ಈಗ ನನ್ನ ಸ್ಪ್ರಿಂಗು ನಿಜಕ್ಕೂ ಸೋತಿದೆ. ಹಾಲಮ್ಮನ ತೂಕವನ್ನು ಆಸ್ಪತ್ರೆಯಲ್ಲೇ ನೋಡುತ್ತಾರೆ. ಬಚ್ಚಲ ಬಾಗಿಲ ಪಕ್ಕದ ಮೂಲೆ ನನ್ನ ಜಾಗ. ಎದೆಯ ಮೇಲೆ ಸೋಪಿನ ಪುಡಿಯ ಬಕೇಟು. ಯಾರೂ ಕೇಳದಿದ್ದರೂ ಹಗಲಿಡೀ ಐದು ಕಿಲೋ ಎಂದು ಹೇಳುತ್ತಿರುತ್ತೇನೆ. ಗರಡಿಯಲ್ಲಿ ಹತ್ತಿದ ಕುತೂಹಲ ಪೂರ್ತಿ ತೀರಿಲ್ಲ. ಇಷ್ಟು ಮಾತ್ರ ತಿಳಿಯಿತು: ಅಂಕಿಯೊಳಗೆ ಏನೂ ಇಲ್ಲ, ಅದನ್ನು ಯಾರಿಗಾಗಿ ನೋಡುತ್ತಾರೆ ಎನ್ನುವುದರಲ್ಲಿದೆ ಎಲ್ಲ. ಆದರೆ ಅದನ್ನು ತೂಗುವ ಮುಳ್ಳು ನನ್ನಲ್ಲಿ ಇರಲಿಲ್ಲ.

ನಿನ್ನೆ ಸಂಜೆ ಮೂವರೂ ಟೀವಿ ಮುಂದೆ ಕೂತಿದ್ದರು. ಕೊಟ್ರೇಶನ ಬಾಯಿಗೆ ಇನ್ನೂ ಮಾಸ್ಕು. ಹಾಲಮ್ಮ ಎಡಪಕ್ಕೆಗೆ ಒಂದು ದಿಂಬು ಒತ್ತಿಕೊಂಡಿದ್ದಳು.

"ಇದನ್ನ ಗುಜರಿಗೆ ಹಾಕೋಣೇನು?" ಎಂದರು ಮುರಿಗೆಪ್ಪ, ನನ್ನ ಕಡೆ ಕೈ ತೋರಿಸಿ.

"ಇರ್ಲಿ ಬಿಡ್ರಿ. ಬಕೇಟಿಗೆ ಎತ್ತರ ಆಗೈತಿ."

"ಒಂದ್ನಿಮಿಷ ಅಕ್ಕ, ಬಂದೆ," ಎಂದು ಕೊಟ್ರೇಶ ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಕಾಯಿಲೆ ಬಿದ್ದ ಮೇಲೆ ಒಂದೂವರೆ ವರ್ಷ ಅವನಿಗೆ ಆ ಕೆಲಸವೇ ಇರಲಿಲ್ಲ. ಮೂತ್ರ ಕಟ್ಟಿ ಹೋಗಿತ್ತು, ಕುಡಿದ ನೀರನ್ನೆಲ್ಲ ಡಯಾಲಿಸಿಸ್ಸಿನ ಮಿಷನ್ನೇ ತೆಗೆಯಬೇಕಾಗಿತ್ತು.

ಒಳಗಿಂದ ಸದ್ದು ಕೇಳಿಸಿತು. ಹಾಲಮ್ಮ ಮಾತು ನಿಲ್ಲಿಸಿದಳು. ಮುರಿಗೆಪ್ಪ ಕೈ ಚಾಚಿ ಟೀವಿಯ ದನಿ ಸಣ್ಣಗೆ ಮಾಡಿದರು.