ತಿನ್ನದ ಕೋಳಿಗೆ ಕಲಸಿಟ್ಟ ಬೆಳ್ಳುಳ್ಳಿ ಪುಡಿ

ಅಕ್ಕ ಆಪರೇಷನ್‌ಗೆಂದು ಆಸ್ಪತ್ರೆ ಸೇರುವ ದಿನ ತನ್ನ ಕೋಳಿ ಶೆಡ್ಡಿನ ಬೀಗದ ಕೈಯನ್ನು ನನಗೆ ಕೊಟ್ಟಳು. ಒಳಗೆ ಹತ್ತು ದಿನದ ಐನೂರು ಬ್ರಾಯ್ಲರ್ ಮರಿಗಳು. ಎಂಟು ವರ್ಷದಿಂದ ಅವಳೊಬ್ಬಳೇ ನಡೆಸಿಕೊಂಡು ಬಂದ ಶೆಡ್ಡು ಅದು.

"ಫೀಡಿಗೆ ಈ ಬೆಳ್ಳುಳ್ಳಿ-ಅರಿಶಿನದ ಪುಡಿ ಬೆರೆಸು, ಪಶು ಆಸ್ಪತ್ರೆ ಡಾಕ್ಟರಮ್ಮ ಹೇಳಿದ ಅಳತೆಗೇ. ನೆಲಕ್ಕೆ ಹಾಸಿರೋ ಭತ್ತದ ಹೊಟ್ಟನ್ನ ದಿನಾ ತಿರುವಿ ಹಾಕು, ಒದ್ದೆ ಆಗಿದ್ದನ್ನ ತೆಗೆದು ಬಿಸಾಕು. ಏನೇ ಅನುಮಾನ ಬಂದ್ರೂ ಡಾಕ್ಟರಮ್ಮಂಗೆ ಫೋನ್ ಮಾಡು. ಮಾಡ್ತೀಯ ತಾನೇ?"

"ಹೋಗೇ, ನನಗೇನು ಕೈ ಇಲ್ವಾ?" ಎಂದೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಪುಡಿ ಬೆರೆಸುವುದು ಸುಲಭ. ಅದನ್ನು ಒಂದು ದಿನವೂ ತಪ್ಪಿಸಲಿಲ್ಲ. ಹೊಟ್ಟು ತಿರುವುವುದಿದೆಯಲ್ಲ, ಅದು ಸೊಂಟ ಮುರಿಯುವ ಕೆಲಸ. ಮೂಗಿಗೆ ಘಾಟು, ಕಣ್ಣಿಗೆ ಉರಿ. ಪುಡಿ ಹಾಕುತ್ತಿದ್ದೇನಲ್ಲ, ರೋಗ ಎಲ್ಲಿಂದ ಬರಬೇಕು ಎಂದುಕೊಂಡು ಸಲಿಕೆಯನ್ನು ಮೂಲೆಗೆ ಒರಗಿಸಿಬಿಟ್ಟೆ. ನೀರಿನ ಡಬ್ಬವೊಂದು ಸೋರುತ್ತಿತ್ತು. ಅದನ್ನೂ ನೋಡಿಯೂ ನೋಡದ ಹಾಗಿದ್ದೆ.

ಎರಡು ವಾರ ಕಳೆದಿರಬೇಕು. ಒಂದು ಬೆಳಗ್ಗೆ ಬಾಗಿಲು ತೆಗೆದರೆ ಹಿಕ್ಕೆಯಲ್ಲಿ ರಕ್ತ. ಹತ್ತಿಪ್ಪತ್ತು ಕೋಳಿಗಳು ಪುಕ್ಕ ಕೆದರಿಕೊಂಡು, ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ನಿಂತಿದ್ದವು. ಡಾಕ್ಟರಮ್ಮನಿಗೆ ಹೇಳಿದರೆ ಅಕ್ಕನ ಕಿವಿಗೆ ಬೀಳುತ್ತದೆ. ಹೊಲಿಗೆ ಹಾಕಿಸಿಕೊಂಡು ಮಲಗಿದವಳಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ? ಫೀಡಿಗೆ ಪುಡಿಯನ್ನು ಎರಡರಷ್ಟು ಸುರಿದು ಬಾಗಿಲು ಹಾಕಿಕೊಂಡು ಬಂದೆ. ಮಾರನೆಯ ದಿನ ಹನ್ನೊಂದು ಸತ್ತವು. ಪುಡಿಯನ್ನು ಇನ್ನೂ ಹೆಚ್ಚಿಸಿದೆ. ಮೂರನೆಯ ದಿನ ಸತ್ತವನ್ನು ಎಣಿಸುವುದನ್ನು ಅರ್ಧಕ್ಕೇ ಬಿಟ್ಟು ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

ಡಾಕ್ಟರಮ್ಮ ಬಂದವರೇ ಒಂದು ಹಿಡಿ ಹೊಟ್ಟು ತೆಗೆದು ಮುಷ್ಟಿ ಬಿಗಿಹಿಡಿದು ಬಿಟ್ಟರು. ಅದು ಉದುರಲಿಲ್ಲ, ಉಂಡೆಯಾಗಿ ಅಂಗೈಯಲ್ಲೇ ಕೂತಿತು. ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ರಕ್ತಭೇದಿ ಇದು. ಕಣ್ಣಿಗೆ ಕಾಣದ ಪರಾವಲಂಬಿ. ಹಿಕ್ಕೆಯಲ್ಲಿ ಹೊರಗೆ ಬರುತ್ತೆ, ಒದ್ದೆ ಹೊಟ್ಟಲ್ಲಿ ಬಲಿಯುತ್ತೆ, ಕೆದಕಿ ತಿನ್ನೋ ಇನ್ನೊಂದು ಕೋಳಿಯ ಕರುಳು ಸೇರುತ್ತೆ."

"ಪುಡಿ ತಪ್ಪಿಸಿಲ್ಲ ಡಾಕ್ಟರಮ್ಮ. ಮೂರು ದಿನದಿಂದ ಜಾಸ್ತೀನೇ ಹಾಕಿದ್ದೀನಿ."

"ಯಾರಿಗಮ್ಮ ಹಾಕಿದ್ದು? ಅಲ್ನೋಡು, ಮೂಲೇಲಿ ನಿಂತಿದೆಯಲ್ಲ, ಅದು ಫೀಡ್ ಮುಟ್ಟಿ ಎಷ್ಟು ದಿನ ಆಯ್ತು?"

ನನಗೆ ಗೊತ್ತಿರಲಿಲ್ಲ. ಕಾಯಿಲೆ ಬಿದ್ದ ಕೋಳಿ ತಿನ್ನುವುದಿಲ್ಲ, ನೀರು ಮಾತ್ರ ಗುಟುಕರಿಸುತ್ತದೆ. ತಿನ್ನದ ಬಾಯಿಗೆ ನಾನು ಫೀಡಿನಲ್ಲಿ ಮದ್ದು ಬೆರೆಸುತ್ತಿದ್ದೆ. ಡಾಕ್ಟರಮ್ಮ ಕೋಳಿಗಳ ತೂಕ ನೋಡಿ ನೀರಿನಲ್ಲಿ ಔಷಧಿ ಬೆರೆಸಿಕೊಟ್ಟರು, ಇಷ್ಟು ದಿನ ಕಳೆಯದೆ ಮಾಂಸಕ್ಕೆ ಮಾರಬಾರದು ಎಂದು ಬರೆದುಕೊಟ್ಟರು. ಆದರೂ ಅರ್ಧಕ್ಕರ್ಧ ಹೋದವು. ಶೆಡ್ಡಿನ ಹಿಂದೆ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದವಳೂ ನಾನೇ.

ಅಕ್ಕ ಮನೆಗೆ ಬಂದಳು. ಬಗ್ಗುವ ಹಾಗಿಲ್ಲ, ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತಳು. ಅರ್ಧ ಖಾಲಿಯಾದ ಶೆಡ್ಡನ್ನು ನೋಡಿದಳು.

"ಫೋನ್ ಯಾಕೆ ಮಾಡ್ಲಿಲ್ಲ?"

"ನಿನಗೆ ಬೇಜಾರಾಗುತ್ತೆ ಅಂತ..."

"ಈಗ?"

ಪಕ್ಕದಲ್ಲೇ ನಿಂತಿದ್ದ ಭಾವ ರೇಗಿಬಿಟ್ಟರು. "ನಾನು ಮೊದಲಿಂದ ಬಡಕೊಂಡೆ, ಬೆಳ್ಳುಳ್ಳಿ ಪುಡಿಯಿಂದ ಯಾವ ರೋಗ ಹೋಗುತ್ತೆ? ಎಲ್ಲಾ ಬೊಗಳೆ! ಶೆಡ್ಡು ಬಿಚ್ಚಿ ಹಾಕಿ ಸಾಕು."

ಅಕ್ಕನ ಮುಖದ ಬಣ್ಣವೇ ಇಳಿಯಿತು. ಕೋಳಿಗಳಿಗೆ ಔಷಧಿ ಹಿಡಿಯಿತೇ ಎಂದು ನೋಡಲು ಬಂದಿದ್ದ ಡಾಕ್ಟರಮ್ಮ ಅಲ್ಲೇ ಇದ್ದರು.

"ಪುಡಿ ಮೇಲೆ ಯಾಕೆ ಕೋಪ ಮಾಡ್ಕೋತೀರಾ ಅಣ್ಣ? ಅದು ಚೆನ್ನಾಗಿರೋ ಕೋಳಿಗೆ ಆಸರೆ. ಮರಿಯಿಂದಲೇ ಅಳತೆಗೆ ಕೊಟ್ರೆ ಕರುಳಿಗೆ ಸ್ವಲ್ಪ ಬಲ ಬರಬಹುದು. ರೋಗ ಹತ್ತಿದ ಮೇಲೆ ಅದೊಂದೇ ಸಾಲದು. ಜಾಸ್ತಿ ಸುರಿದ್ರೆ ವಾಸನೆಗೆ ತಿನ್ನೋ ಕೋಳೀನೂ ಬಿಡುತ್ತೆ. ಹೊಟ್ಟು ಒಣಗದೇ ಇದ್ರೆ ಯಾವ ಪುಡಿ ಏನು ಮಾಡುತ್ತೆ?"

ಭಾವ ಹೋಗಿ ಸೋರುವ ಡಬ್ಬವನ್ನು ಕಿತ್ತು ಹೊರಗೆ ತಂದರು. ಮುಂದಿನ ಮರಿ ಬರುವ ಮೊದಲು ಹಳೆಯ ಹೊಟ್ಟನ್ನೆಲ್ಲ ಎತ್ತಿ, ನೆಲ ತೊಳೆದು ಒಣಗಿಸಿದವರೂ ಅವರೇ. ಲಸಿಕೆಯ ವಿಷಯವನ್ನೂ ಕೇಳಿಕೊಂಡು ಬಂದರು. ಈಗ ದಿನಾ ನಾನು ಹೊಟ್ಟು ತಿರುವುತ್ತೇನೆ, ಅಕ್ಕ ಕುರ್ಚಿಯಲ್ಲಿ ಕೂತು ನೋಡುತ್ತಾಳೆ. ಪುಡಿ ಅಳತೆಯ ಲೋಟದಲ್ಲೇ ಬೀಳುತ್ತದೆ. ಬೀಗದ ಕೈ ಮಾತ್ರ ಅವಳ ಸೆರಗಿನ ಗಂಟಿನಲ್ಲಿದೆ. ನಾನೂ ಕೇಳಿಲ್ಲ.

ಕೋಳಿ ಸಾಕುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ಶೆಡ್ಡಿಗೆ ಹೋಗಿ ಒಂದು ಹಿಡಿ ಹೊಟ್ಟು ಹಿಡಿದು ನೋಡಿ. ಉಂಡೆ ಕಟ್ಟಿದರೆ ತಿರುವಿ, ಒದ್ದೆಯಾದದ್ದನ್ನು ತೆಗೆಯಿರಿ. ಬೆಳ್ಳುಳ್ಳಿ, ಅರಿಶಿನ ಏನೇ ಬೆರೆಸುವುದಿದ್ದರೂ ಪಶುವೈದ್ಯರನ್ನು ಕೇಳಿ ಅಳತೆಗೆ ಬೆರೆಸಿ. ಹಿಕ್ಕೆಯಲ್ಲಿ ರಕ್ತ ಕಂಡರೆ ಆ ಕ್ಷಣವೇ ಫೋನ್ ಮಾಡಿ. ಯಾರಿಗೆ ಬೇಜಾರಾಗುತ್ತದೋ ಎಂದು ನಾನು ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ. ನೀವು ಹಾಗೆ ಇರಬೇಡಿ.