ಕೆಂಪು ಕೋಟು

"ಆ ಫೋನನ್ನ ತಿಪ್ಪೆಗೆ ಎಸಿ! ಇಲ್ಲಾ ಆಫ್ ಮಾಡು. ನಾಯಿ ಕೊರಳಿನ ಪಟ್ಟಿ ಕಣೇ ಅದು!"

ವರ್ನಾ ಕಿರುಚಿದ ರಭಸಕ್ಕೆ ಬೂಟಿನ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಮೆತ್ತಗೆ ಮಾತಾಡೆ ಮಾರಾಯ್ತಿ," ಎಂದಳು ಗೆಳತಿ ಆರ್ಲಿಸ್. "ಆಫ್ ಮಾಡಿದ್ರೆ ಡ್ವೇನ್ ಓಡಿ ಬರ್ತಾನೆ. ಆನ್ ಇದ್ರೆ ನಾನೆಲ್ಲಿದೀನಿ ಅಂತ ಅವನಿಗೆ ಕಾಣುತ್ತೆ. ಸುಮ್ನಿರ್ತಾನೆ."

"ಹೋದ ತಿಂಗಳು ಸುಮ್ನಿದ್ದನಾ ನಿನ್ನ ಗಂಡ? ಮಣಿಕಟ್ಟು ಮುರಿದಿದ್ದು ಯಾರು, ಮೆಟ್ಟಿಲಾ?"

ಆರ್ಲಿಸ್ ಕೆಂಪು ಕೋಟಿನ ತೋಳನ್ನು ಕೆಳಗೆಳೆದುಕೊಂಡಳು.

ಹಲ್ಲಿನ ಡಾಕ್ಟರಿಗೆ ಜ್ವರವೆಂದು ಬಾಗಿಲಲ್ಲೇ ವಾಪಸ್ ಕಳಿಸಿದ್ದರಿಂದ ಇಬ್ಬರಿಗೂ ಮಧ್ಯಾಹ್ನ ಪುಕ್ಕಟೆ ಸಿಕ್ಕಿತ್ತು. ಐದಕ್ಕೆ ಮನೆಯಲ್ಲಿರಬೇಕೆಂದು ಡ್ವೇನ್ ಫೋನಿನಲ್ಲೇ ಗೆರೆ ಎಳೆದಿದ್ದ. ಡುಲೂತ್ ಪಟ್ಟಣದ ಬೀದಿಯಲ್ಲಿ ಸರೋವರದ ಗಾಳಿ ಮುಖ ಕೊಯ್ಯುತ್ತಿತ್ತು. ಮೇಣದಬತ್ತಿ ಅಂಗಡಿ, ದೀಪದ ಅಂಗಡಿ, ಬ್ರೆಡ್ಡಿನ ಅಂಗಡಿ ಎಂದು ಹೊಕ್ಕು ಹೊರಬಂದರು. ಎಲ್ಲಿಯೂ ಆರ್ಲಿಸ್ ಬೆಲೆಯ ಚೀಟಿ ನೋಡಲಿಲ್ಲ. ನೇರ ಹಿಂಬದಿಯವರೆಗೆ ಹೋಗಿ ತಿರುಗಿ ಬರುತ್ತಿದ್ದಳು. ಬಸ್ ನಿಲ್ದಾಣದ ಮುಂದೆ ಮಾತ್ರ ನಿಂತು ಹಲಗೆ ಓದಿದಳು.

"ಮಿನ್ನಿಯಾಪೊಲಿಸ್ ಬಸ್ಸು ಐದೂವರೆಗಂತೆ."

"ನಿನಗ್ಯಾಕೆ ಅದು? ಬಸ್ ಹತ್ತೋ ಗುಂಡಿಗೆ ನಿನಗೆಲ್ಲಿದೆ?" ಎಂದುಬಿಟ್ಟಳು ವರ್ನಾ.

ನಾಲ್ಕೂವರೆಗೆ ಚರ್ಚಿನವರ ಹಳೆಬಟ್ಟೆ ಅಂಗಡಿಗೆ ಬಂದರು. ವರ್ನಾ ಸ್ವೆಟರೊಂದನ್ನು ಹಿಡಿದು ಪರದೆಯ ಹಿಂದಿನ ಕೋಣೆಗೆ ಹೋದಳು. ತೊಟ್ಟಳು, ಸಿಕ್ಕಿಕೊಂಡಳು, ಬೈದುಕೊಂಡು ಬಿಚ್ಚಿದಳು. ಹೊರಬಂದಾಗ ಆರ್ಲಿಸ್ ಇರಲಿಲ್ಲ.

"ನಿಮ್ಮ ಜೊತೆಯವಳಾ? ಹಸಿರು ಕೋಟೊಂದು ಕೊಂಡು, ತನ್ನದನ್ನ ಇಲ್ಲಿಗೇ ದಾನ ಕೊಟ್ಟು ಹಿಂಬಾಗಿಲಿಂದ ಹೋದಳಮ್ಮ," ಎಂದಳು ಗಲ್ಲಾಪೆಟ್ಟಿಗೆಯ ಮುದುಕಿ.

ಐದು ಹೊಡೆಯಿತು. ತೂಗುಬಿಟ್ಟ ಕೋಟುಗಳ ಸಾಲಿನೊಳಗಿಂದ ಫೋನ್ ಬಡಿದುಕೊಳ್ಳತೊಡಗಿತು. ವರ್ನಾ ಕೋಟುಗಳನ್ನು ಸರಿಸಿದಳು. ಕೆಂಪು ಕೋಟಿನ ಜೇಬಿನಲ್ಲಿ ಡ್ವೇನ್‌ನ ಹೆಸರು ಮಿನುಗುತ್ತಿತ್ತು. ಮಧ್ಯಾಹ್ನವೆಲ್ಲ ಆರ್ಲಿಸ್ ಹುಡುಕಿದ್ದು ಹಿಂಬಾಗಿಲನ್ನು!

ಫೋನ್ ಇಲ್ಲಿರುವಷ್ಟು ಹೊತ್ತು ಡ್ವೇನ್‌ನ ಪಾಲಿಗೆ ಆರ್ಲಿಸ್ ಇಲ್ಲೇ. ಬಸ್ಸಿಗೆ ಇನ್ನೂ ಅರ್ಧ ಗಂಟೆ. ವರ್ನಾ ಕೋಟನ್ನು ಪರದೆಯ ಸರಳಿನ ಮೇಲೆ ಹಾಕಿ, ಪರದೆ ಎಳೆದು, ಅದರ ಮುಂದೆ ಕುರ್ಚಿ ಹಾಕಿ ಕೂತಳು. ಓಡಿಹೋಗಬೇಕೆನ್ನಿಸಿತು. ಆದರೂ ಕೂತೇ ಇದ್ದಳು.

ಐದೂ ಕಾಲಿಗೆ ಡ್ವೇನ್ ಬಂದ. ಬಾಗಿಲ ಗಂಟೆ ಅಲ್ಲಾಡಿತು.

"ಎಲ್ಲಿ ಅವಳು?"

"ಒಳಗೆ. ಲಂಗ ತೊಟ್ಟು ನೋಡ್ತಿದಾಳೆ. ನಾಚಿಕೆ ಇದ್ರೆ ದೂರ ನಿಲ್ಲು."

ಅವನು ಫೋನ್ ಒತ್ತಿ ಕರೆ ಮಾಡಿದ. ಪರದೆಯ ಮೇಲೆ ಕೋಟು ನಡುಗಿತು. "ಆರ್ಲಿಸ್!"

"ಕೂಗಬೇಡ. ನಿನ್ನ ದನಿ ಕೇಳಿದ್ರೇ ಅವಳ ಕೈ ನಡುಗುತ್ತೆ, ಗುಂಡಿ ಹಾಕೋಕಾಗಲ್ಲ," ಎಂದಳು ವರ್ನಾ.

ಮುದುಕಿ ಇಬ್ಬರನ್ನೂ ನೋಡಿದಳು. ಕೈಗವಸು ಮಡಚುತ್ತಾ, "ಹೆಂಗಸರಿಗೆ ಹೊತ್ತು ಹಿಡಿಯುತ್ತಪ್ಪ," ಎಂದಳು.

ಐದು ಇಪ್ಪತ್ತು. ಐದು ಇಪ್ಪತ್ತಾರು. ಅವನ ಬೂಟು ನೆಲಕ್ಕೆ ಟಕ್ ಟಕ್ ಬಡಿಯುತ್ತಿತ್ತು. ಐದು ಮೂವತ್ತೆರಡಕ್ಕೆ ಅವನು ಕುರ್ಚಿಸಮೇತ ವರ್ನಾಳನ್ನು ಪಕ್ಕಕ್ಕೆ ನೂಕಿ ಪರದೆ ಕಿತ್ತ.

ಒಳಗೆ ಕನ್ನಡಿ ಇತ್ತು. ಅದರಲ್ಲಿ ಅವನೊಬ್ಬನೇ.

ಅವನು ನಿಧಾನಕ್ಕೆ ವರ್ನಾಳತ್ತ ತಿರುಗಿದ. ಅವಳು ಕೆಳಗೆ ಬಿದ್ದಿದ್ದ ಕೆಂಪು ಕೋಟನ್ನು ಎದೆಗವುಚಿಕೊಂಡು ಗೋಡೆಗೆ ಅಂಟಿ ನಿಂತಳು. ಮುದುಕಿ ಆಗಲೇ ಪೊಲೀಸರಿಗೆ ಫೋನ್ ಹಚ್ಚಿದ್ದಳು. ಆರ್ಲಿಸ್ ಹಿಂಬಾಗಿಲಿಂದ ಹೋದವಳು ಮತ್ತೆ ಆ ಊರಿಗೆ ಕಾಲಿಡಲಿಲ್ಲ.