ಪೆಟ್ರೋಲ್ ಹಾಕಿಸದೆ ಹತ್ತಿದ ದಿಬ್ಬ

ಗಾಡಿ ಸುಳ್ಳು ಹೇಳುವುದಿಲ್ಲ, ಗಾಡಿ ತರುವವರು ಹೇಳುತ್ತಾರೆ. ಮೂವತ್ತು ವರ್ಷ ಈ ಮಾತನ್ನು ಎದೆ ತಟ್ಟಿ ಹೇಳಿಕೊಂಡು ಬಂದವಳು ನಾನು. ಅಪ್ಪ ಹೋದ ಮೇಲೆ ರಿಪೇರಿ ಶೆಡ್ಡಿಗೆ ಬೀಗ ಬೀಳುತ್ತದೆ ಅಂದುಕೊಂಡಿದ್ದವರೆಲ್ಲ ಈಗ ತಮ್ಮ ಗಾಡಿ ತಂದು ನನ್ನ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಅನ್ನುತ್ತಾರೆ, ಅಂದುಕೊಳ್ಳಲಿ. ಆದರೆ ಇದೇ ಮಾತನ್ನು ನಂಬಿ ಒಂದು ಮಂಗಳವಾರ ಸ್ವಂತ ಅಕ್ಕನ ಕಣ್ಣಲ್ಲಿ ನೀರು ತರಿಸಿದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅಕ್ಕ ನರ್ಸು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯ ತೊಳೆದು, ಬ್ಯಾಂಡೇಜು ಬದಲಾಯಿಸಿ, ಇಂಜೆಕ್ಷನ್ ಕೊಟ್ಟು ಬರುತ್ತಾಳೆ. ದಿನಕ್ಕೆ ಏಳೆಂಟು ಮನೆ. ಕೊನೆಯ ಮೂರು ಮನೆಗಳು ನೀರಿನ ಟ್ಯಾಂಕಿನ ದಿಬ್ಬದ ಮೇಲಿವೆ, ಬಸ್ಸು ಅಲ್ಲಿಗೆ ಹತ್ತುವುದಿಲ್ಲ. ಅಪ್ಪ ಬಿಟ್ಟುಹೋದ ಹಳೇ ನೀಲಿ ಕಾರಿನಲ್ಲಿ ನಲವತ್ತನೇ ವಯಸ್ಸಿಗೆ ಅವಳಿಗೆ ಡ್ರೈವಿಂಗ್ ಕಲಿಸಿದವಳು ನಾನೇ. ಹದಿನೇಳು ವರ್ಷದಲ್ಲಿ ಅವಳು ಒಂದು ನಾಯಿಯ ಬಾಲವನ್ನೂ ತುಳಿದವಳಲ್ಲ.

ಆ ಮಂಗಳವಾರ ಅವಳು ಬಂದಾಗ ಜೊತೆಗೆ ಭಾವನೂ ಇದ್ದರು.

"ಒಂದು ತಿಂಗಳಿಂದ ಹೀಗೇ ಕಣೇ," ಅಂದಳು ಅಕ್ಕ. "ಬೀದೀಲಿ ಚೆನ್ನಾಗೇ ಹೋಗುತ್ತೆ. ದಿಬ್ಬದ ಹತ್ರ ಆಕ್ಸಿಲರೇಟರ್ ಒತ್ತಿದ್ರೆ ಮಾತ್ರ ಎಳೆಯೋದೇ ಇಲ್ಲ. ಉಸಿರು ಕಟ್ಟಿದ ಹಾಗೆ ಮಾಡುತ್ತೆ. ಮೊನ್ನೆ ಅರ್ಧಕ್ಕೇ ನಿಂತುಹೋಯ್ತು, ಹಿಂದೆ ನೀರಿನ ಲಾರಿ ಬೇರೆ."

ಭಾವ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಬಾಯಿ ತೆರೆದರೆ ಪ್ರಮೇಯ. "ನಾನು ಮೂರು ಸಲ ಓಡಿಸಿ ನೋಡ್ದೆ. ನಮ್ಮ ಅಳಿಯ ಒಂದು ಸಲ ಓಡಿಸ್ದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹತ್ತುತ್ತೆ. ಗಾಡಿ ಅದೇ, ದಿಬ್ಬ ಅದೇ. ಬದಲಾಗಿದ್ದು ಯಾರು, ನೀನೇ ಹೇಳಮ್ಮ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

ಭಾವ ಮುಂದುವರಿಸಿದರು. "ಭಾನುವಾರ ಕೀ ನನ್ನ ಕೈಗೆ ಕೊಟ್ಬಿಡ್ಬೇಕು. ಗಾಡಿ ಅಳಿಯ ತಗೊಂಡು ಹೋಗ್ತಾನೆ. ಇಷ್ಟು ದಿನ ದುಡಿದಿದ್ದು ಸಾಕು."

ಭಾವ ಕೆಟ್ಟವರಲ್ಲ. ಲಾರಿಯ ಸುದ್ದಿ ಕೇಳಿದ ರಾತ್ರಿ ಅವರು ನಿದ್ದೆ ಮಾಡಿರಲಿಲ್ಲವಂತೆ. ಆದರೆ ಹೆದರಿಕೆಯನ್ನು ಹೆದರಿಕೆ ಎಂದು ಹೇಳಲು ಬಾರದೆ ಅದಕ್ಕೆ ಗಾದೆಯ ಅಂಗಿ ತೊಡಿಸುತ್ತಾರೆ, ಅದಕ್ಕೇ ನನಗೆ ಮೈ ಉರಿಯುತ್ತದೆ.

ನಾನು ಬಾನೆಟ್ ಎತ್ತಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ, ಬಣ್ಣ ಸರಿ ಇತ್ತು. ಏರ್ ಫಿಲ್ಟರ್ ಕೊಡವಿದೆ, ಪೆಟ್ರೋಲ್ ಫಿಲ್ಟರ್ ಹೊಸದು ಹಾಕಿದೆ. ಪೈಪುಗಳನ್ನು ಬೆರಳಿಂದ ಒತ್ತಿ ಒತ್ತಿ ನೋಡಿದೆ. ಆಮೇಲೆ ಓಡಿಸಿ ನೋಡಲು ಹೊರಟೆ. ಹೊರಟವಳು ನೇರ ಬಂಕಿಗೆ ಹೋದೆ. ಇನ್ನೊಬ್ಬರ ಗಾಡಿ ಓಡಿಸುವ ಮೊದಲು ಅದರ ಹೊಟ್ಟೆ ತುಂಬಿಸಬೇಕು ಅನ್ನುವುದು ಅಪ್ಪ ಹಾಕಿಕೊಟ್ಟ ಪದ್ಧತಿ. ಮನೆಗೆ ಬಂದ ಅಳಿಯಂದಿರಿಗೂ ಅವರು ಹೇಳಿಕೊಟ್ಟ ಮೊದಲ ಪಾಠ ಅದೇ, ಹೆಂಡತಿಯನ್ನು ಹೇಗೆ ನೋಡಿಕೊಳ್ಳಬೇಕೆಂಬುದು ಎರಡನೆಯದು. ಭಾವ ಆ ಮೊದಲ ಪಾಠವನ್ನು ತಮ್ಮ ಅಳಿಯನಿಗೂ ದಾಟಿಸಿದ್ದಾರೆ. ಬಂಕಿನಿಂದ ದಿಬ್ಬಕ್ಕೆ ಹತ್ತು ನಿಮಿಷ. ಗಾಡಿ ಕುದುರೆಯ ಹಾಗೆ ಹತ್ತಿತು. ಮತ್ತೆ ಇಳಿದು ಹತ್ತಿದೆ, ಮತ್ತೂ ಹತ್ತಿತು.

"ಅಕ್ಕ, ಗಾಡಿ ಸರಿಯಾಗೇ ಇದೆ," ಅಂದೆ ವಾಪಸು ಬಂದು. ನನ್ನ ದನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ.

ಭಾವ ಕೈ ಕಟ್ಟಿಕೊಂಡು ಮುಗುಳ್ನಕ್ಕರು. ಅಕ್ಕ ಮಾತ್ರ ತನ್ನ ಬಲಗಾಲನ್ನೇ ನೋಡುತ್ತಾ ನಿಂತಳು. ಆಮೇಲೆ ಕೀಯನ್ನು ನನ್ನ ಮೇಜಿನ ಮೇಲೆ, ಸ್ಪ್ಯಾನರುಗಳ ಪಕ್ಕ, ಸದ್ದಾಗದಂತೆ ಇಟ್ಟಳು.

"ಹಾಗಾದ್ರೆ ನನ್ನ ಕಾಲೇ ಇರಬೇಕು ಬಿಡೇ. ವಯಸ್ಸಾಯ್ತಲ್ಲ."

ಅವಳ ಕಣ್ಣು ತುಂಬಿದ್ದು ಆಗ. ಲಾರಿಗೆ ಹೆದರದವಳು ನನ್ನ ಒಂದು ಮಾತಿಗೆ ಕುಸಿದುಹೋದಳು. ನನಗೆ ನನ್ನ ಮೇಲೇ ಎಂಥ ಸಿಟ್ಟು ಬಂತೆಂದರೆ, ಇಡೀ ದಿನ ಯಾರ ಗಾಡಿಯನ್ನೂ ಮುಟ್ಟಲಿಲ್ಲ. ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು ತಿಂಗಳಿಡೀ ಒಂದೇ ಮಾತು ಹೇಳುತ್ತಿದ್ದಾಳೆ, ನಾನು ಹತ್ತು ನಿಮಿಷ ಓಡಿಸಿ ತೀರ್ಪು ಕೊಟ್ಟುಬಿಟ್ಟೆನಲ್ಲ!

ಬುಧವಾರ ಬೆಳಿಗ್ಗೆ ಏಳಕ್ಕೇ ಕಾರು ತೆಗೆದುಕೊಂಡು ಅಕ್ಕನ ಮನೆ ಮುಂದೆ ನಿಂತೆ. "ನೀನು ಓಡಿಸು. ನಾನು ಪಕ್ಕದಲ್ಲಿ ಸುಮ್ಮನೆ ಕೂತಿರ್ತೀನಿ. ಏನೂ ಹೇಳಲ್ಲ, ಏನೂ ಮುಟ್ಟಲ್ಲ."

"ನೀನು ಸುಮ್ಮನೆ ಕೂರೋದಾ? ನೋಡೇಬಿಡ್ತೀನಿ," ಅಂದಳು. ಎರಡು ದಿನದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಒಂದೊಂದು ಮನೆಯ ಮುಂದೆ ನಿಲ್ಲಿಸಿ, ಬ್ಯಾಗು ಹಿಡಿದು ಒಳಗೆ ಹೋಗಿ, ಕೈ ಒರೆಸಿಕೊಳ್ಳುತ್ತಾ ಬರುವಳು. ಗೇರು ಹಾಕುವುದರಲ್ಲಿ, ಕ್ಲಚ್ಚು ಬಿಡುವುದರಲ್ಲಿ ಹುಡುಕಿದರೂ ತಪ್ಪಿಲ್ಲ. ಐದು ಮನೆ ಮುಗಿಯಿತು, ಎಂಜಿನ್ ಓಡಿದ್ದೇ ಮುಕ್ಕಾಲು ಗಂಟೆ ಆಗಿರಬೇಕು. ದಿಬ್ಬ ಶುರುವಾಯಿತು. ಅಕ್ಕ ಆಕ್ಸಿಲರೇಟರ್ ಒತ್ತಿದಳು. ಗಾಡಿ ಒಮ್ಮೆ ಮುಗ್ಗರಿಸಿತು, ಇನ್ನೊಮ್ಮೆ ಮುಗ್ಗರಿಸಿತು, ಆಮೇಲೆ ಶಕ್ತಿಯೇ ಉಡುಗಿಹೋಯಿತು.

"ಅಂಚಿಗೆ ನಿಲ್ಲಿಸು. ಸೀಟು ಬದಲಾಯಿಸೋಣ!"

ನಾನು ಒತ್ತಿದೆ. ನನಗೂ ಎಳೆಯಲಿಲ್ಲ. ಪೂರ್ತಿ ಒತ್ತಿದೆ, ಇನ್ನೂ ಕಡಿಮೆ ಎಳೆಯಿತು. ಒಂದು ಗಾಡಿ ಕೆಟ್ಟದ್ದಕ್ಕೆ ನಾನು ಅಷ್ಟು ಖುಷಿಪಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ.

"ಅಕ್ಕ, ನಿನ್ನ ಕಾಲು ಬಂಗಾರದ್ದು ಕಣೇ!"

ಈಗ ತಲೆ ನೆಟ್ಟಗೆ ಓಡತೊಡಗಿತು. ನಿಧಾನಕ್ಕೆ ಹೋದರೆ ಸರಿ, ಜೋರು ಬೇಕೆಂದಾಗ ಇಲ್ಲ. ಅಂದರೆ ಪೆಟ್ರೋಲ್ ಸಾಲುತ್ತಿಲ್ಲ. ಟ್ಯಾಂಕು ಮುಕ್ಕಾಲು ತುಂಬಿದೆ, ಫಿಲ್ಟರ್ ನಿನ್ನೆಯದು. ಹಾಗಾದರೆ ನಿನ್ನೆ ನಾನು ಮಾಡಿದ್ದೇನು, ಇವತ್ತು ಮಾಡದೆ ಬಿಟ್ಟದ್ದೇನು? ಭಾವ ಮೂರು ಸಲವೂ ಮಾಡಿದ್ದೇನು? ಅಳಿಯ ಮಾಡಿದ್ದೇನು?

ಎಲ್ಲರೂ ಮೊದಲು ಬಂಕಿಗೆ ಹೋಗಿದ್ದೆವು! ಎಲ್ಲರೂ ಟ್ಯಾಂಕಿನ ಮುಚ್ಚಳ ತೆಗೆಸಿದ್ದೆವು. ಅಕ್ಕ ಒಬ್ಬಳೇ ತನ್ನ ಸ್ವಂತ ಗಾಡಿ ಅಂತ, ವಾರಕ್ಕೊಮ್ಮೆ ಕೆಲಸ ಮುಗಿಸಿ ಬರುವಾಗ ಪೆಟ್ರೋಲ್ ಹಾಕಿಸುವವಳು.

ಇಳಿದು ಹಿಂದಕ್ಕೆ ಹೋಗಿ ಮುಚ್ಚಳ ತಿರುಗಿಸಿದೆ. ಸ್ಸ್‌ಸ್ ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು, ಕೆಳಗಡೆ ತಗಡು ಡಬ್ಬೆಂದು ಉಬ್ಬಿತು. ಮುಚ್ಚಳ ಹಾಕಿ ಅಕ್ಕನಿಗೆ ಓಡಿಸಲು ಹೇಳಿದೆ. ಅವಳ ಕಾಲಿಗೇ ಗಾಡಿ ದಿಬ್ಬದ ತುದಿಯವರೆಗೆ ಒಂದೇ ಉಸಿರಿಗೆ ಹತ್ತಿತು.

ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಮಾಡಿ ಬಗ್ಗಿಸಿದರೆ ಎಣ್ಣೆ ಬರುವುದಿಲ್ಲ, ಗಾಳಿ ಹೋಗಲು ಇನ್ನೊಂದು ತೂತು ಬೇಕು. ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಈ ಹಳೇ ಕಾರಿನಲ್ಲಿ ಆ ಇನ್ನೊಂದು ತೂತು ಇರುವುದು ಮುಚ್ಚಳದಲ್ಲಿ. ಅದು ಮುಚ್ಚಿಕೊಂಡರೆ ಪೆಟ್ರೋಲ್ ಖಾಲಿಯಾದಂತೆಲ್ಲ ಟ್ಯಾಂಕು ಒಳಗಿಂದ ಬಿಗಿಯುತ್ತದೆ, ಎಂಜಿನ್ನಿಗೆ ಹನಿ ಹನಿ ಹೋಗುತ್ತದೆ. ರಾತ್ರಿ ನಿಂತಾಗ ಸಂದಿಯಿಂದ ಅಷ್ಟಿಷ್ಟು ಗಾಳಿ ಸೇರಿ ಬೆಳಿಗ್ಗೆಗೆ ಎಲ್ಲ ಸರಿ. ಮುಚ್ಚಳ ತಿರುಗಿಸಿ ನೋಡಿದೆ. ಸಾಸಿವೆಯಷ್ಟು ತೂತು, ಅದರ ತುಂಬ ಗಟ್ಟಿಯಾದ ಬೂದು ಬಣ್ಣದ ಗೋಂದು. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು.

"ಇದನ್ನ ಮೆತ್ತಿದ್ದು ಯಾರು?"

ಅಕ್ಕ ಹತ್ತಿರ ಬಂದು ನೋಡಿದಳು. "ಹೋದ ತಿಂಗಳು ಪೆಟ್ರೋಲ್ ವಾಸನೆ ಬರ್ತಿದೆ, ನನಗೆ ತಲೆನೋವು ಬರುತ್ತೆ ಅಂತ ನಿಮ್ಮ ಭಾವ ಏನೋ ಮೆತ್ತಿದ್ರು."

ನಾನು ಅಲ್ಲೇ ಗೋಂದು ಕೆರೆದು ಹಾಕಬಹುದಿತ್ತು. ಹಾಕಲಿಲ್ಲ. ಪ್ರಮೇಯ ಹೇಳುವವರಿಗೆ ಪ್ರಮೇಯದಲ್ಲೇ ಉತ್ತರ ಕೊಡಬೇಕು.

ಗುರುವಾರ ಬೆಳಿಗ್ಗೆ ಭಾವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಅಕ್ಕ ಪಕ್ಕದಲ್ಲಿ, ನಾನು ಹಿಂದೆ. ಅವರು ಅಭ್ಯಾಸಬಲದಿಂದ ಬಂಕಿನ ಕಡೆ ತಿರುಗಿಸಲು ಹೋದರು.

"ಇವತ್ತೊಂದು ದಿನ ಅಪ್ಪನ ಮಾತು ಮೀರಿ ಭಾವ. ಅದರ ಪಾಪ ನನಗಿರಲಿ."

ಅದೇ ಐದು ಮನೆ, ಅದೇ ಮುಕ್ಕಾಲು ಗಂಟೆ. ಅರ್ಧ ದಿಬ್ಬಕ್ಕೆ ಗಾಡಿ ಮುಗ್ಗರಿಸಿತು. ಭಾವ ಒತ್ತಿದರು, ಮತ್ತೆ ಒತ್ತಿದರು. ಕನ್ನಡಿಯಲ್ಲಿ ನೀರಿನ ಲಾರಿ ದೊಡ್ಡದಾಗುತ್ತಿತ್ತು. ಅವರ ಕುತ್ತಿಗೆ ಬೆವರಿತು.

"ಎಳೀತಿಲ್ವಲ್ಲ! ಒತ್ತಿದ್ರೂ ಎಳೀತಿಲ್ವಲ್ಲೇ!"

"ಗಾಬರಿ ಆಗ್ಬೇಡಿ," ಅಂದಳು ಅಕ್ಕ. "ಅಂಚಿಗೆ ತಗೊಳ್ಳಿ. ಕಾಲು ಸ್ವಲ್ಪ ಸಡಿಲ ಬಿಡಿ, ಒತ್ತಿದಷ್ಟೂ ಸಾಯುತ್ತೆ. ಈಗ ಹ್ಯಾಂಡ್ ಬ್ರೇಕ್ ಎಳೀರಿ. ಲಾರಿ ಹೋಗ್ಲಿ. ಹೋಯ್ತು ನೋಡಿ, ಅಷ್ಟೇ."

ಗಾಡಿ ನಿಂತಿತು. ಭಾವ ಸ್ಟೀರಿಂಗ್ ಬಿಡಲಿಲ್ಲ. ಹಾಗೇ ಹಿಡಿದುಕೊಂಡು ಅಕ್ಕನ ಕಡೆ ತಿರುಗಿದರು.

"ಒಂದು ತಿಂಗಳು ದಿನಾ ಇದನ್ನ ಒಬ್ಬಳೇ ಮಾಡ್ತಿದ್ಯಾ?"

"ಮತ್ತೆ? ಯಾರಾದ್ರೂ ಜೊತೇಲಿ ಬಂದಿದ್ರಾ?"

ಆ ಮಾತು ನನಗೂ ತಾಗಿತು, ತಾಗಬೇಕಾದದ್ದೇ. ನಾನು ಇಳಿದು ಮುಚ್ಚಳ ತೆಗೆದೆ. ಸ್ಸ್‌ಸ್ ಸದ್ದು ಮುಂದಿನ ಸೀಟಿಗೂ ಕೇಳಿಸಿತು. ಮುಚ್ಚಳವನ್ನು ತಂದು ಭಾವನ ಅಂಗೈಯಲ್ಲಿಟ್ಟೆ. ಬೂದು ಗೋಂದನ್ನು ನೋಡಿದ್ದೇ ಅವರಿಗೆ ಎಲ್ಲ ತಿಳಿಯಿತು, ನಾನು ವಿವರಿಸಬೇಕಾಗಲಿಲ್ಲ.

"ನೆಲವೇ ಡೊಂಕಾಗಿತ್ತು," ಅಂದರು ಮೆಲ್ಲಗೆ. "ಡೊಂಕು ಮಾಡಿದ್ದು ನಾನು."

ಅಕ್ಕ ಬ್ಯಾಗು ತೆರೆದು ಹೊಸ ಇಂಜೆಕ್ಷನ್ ಸೂಜಿ ಬಿಚ್ಚಿದಳು. ಮುಚ್ಚಳ ಕೇಳಿ ತೆಗೆದುಕೊಂಡು, ಗೋಂದಿನ ನಡುವೆ ಚುಚ್ಚಿ, ತಿರುಗಿಸಿ ತಿರುಗಿಸಿ ಆಚೆ ಬದಿಗೆ ತೂರಿಸಿದಳು. ಎತ್ತಿ ಹಿಡಿದು ಬೆಳಕು ಕಾಣುತ್ತದೆಯೇ ಎಂದು ನೋಡಿ ನನಗೆ ಕೊಟ್ಟಳು.

"ಇಳೀರಿ ಈಗ. ಮೇಲಿನ ಮನೆ ಅಜ್ಜ ಹನ್ನೊಂದಕ್ಕೇ ಕಾಯ್ತಿರ್ತಾರೆ."

ಭಾವ ಇಳಿದು ಸುತ್ತಿಕೊಂಡು ಹೋಗಿ ಪಕ್ಕದ ಸೀಟಿನಲ್ಲಿ ಕೂತು, ಅವಳ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡರು. ಅಕ್ಕ ಸೀಟು ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟಳು. ದಿಬ್ಬದ ಮೇಲಿನ ಮೂರೂ ಮನೆಗಳಿಗೆ ಅವತ್ತು ಭಾವನೇ ಬ್ಯಾಗು ಹೊತ್ತರು.